ಯಾರದೂ ಅಲ್ಲದ ಭಾಷೆ

ಪ್ಲಿಮತ್, ಮಿಶಿಗನ್
ಜನವರಿ 12, 2025

ಅನಮ್‌ಗೆ,

ಇತ್ತ ಎಲ್ಲರೂ ಕ್ಷೇಮ ಎಂದು ಕಾಗದ ಶುರು ಮಾಡುವುದು ನಮ್ಮ ಕಡೆಯ ಪದ್ಧತಿ. ಆ ಸುಳ್ಳು ಬೇಡ. ನಿಮ್ಮಪ್ಪ ಮೊನ್ನೆ ಗ್ಯಾರೇಜಿನ ಬಾಗಿಲಿಗೆ ಕಾರು ಗುದ್ದಿಸಿ, ಒಳಗೆ ಬಂದು ಕೂತರು. ಏನಾಯಿತು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಈ ಮನೆಯಲ್ಲಿ ಈಗ ಮಾತು ಇಷ್ಟೇ.

ನಿನ್ನ ಮೆಸೇಜು ಬಂತು. ನಾನು ಫೋನ್ ಮಾಡಬಾರದು. ಏನಾದರೂ ಹೇಳುವುದಿದ್ದರೆ ಕಾಗದ ಬರೆಯಬೇಕು, ಅದೂ ಇಂಗ್ಲಿಷಿನಲ್ಲಲ್ಲ, ನನ್ನ ಭಾಷೆಯಲ್ಲಿ. ಇಟಾಸ್ಕಾದಲ್ಲಿ ನಿನಗೆ ರೂಮು ಕೊಟ್ಟಿರುವ ಲಲಿತಮ್ಮನವರು ಮೈಸೂರಿನವರಂತೆ, ಅವರು ಓದಿ ನಿನಗೆ ಇಂಗ್ಲಿಷಿನಲ್ಲಿ ಹೇಳುತ್ತಾರೆ. ನೀನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವರು ಕನ್ನಡದಲ್ಲಿ ಬರೆದು ಕಳಿಸುತ್ತಾರೆ. "ಇಂಗ್ಲಿಷಿನಲ್ಲಿ ನೀನು ನನಗೆ ಒಂದು ದಿನವೂ ಬೈದಿಲ್ಲ, ಮಾಮ್. ನೀನು ನಿಜವಾಗಿ ಏನಂದುಕೊಂಡಿದ್ದೀಯ ಅಂತ ನನಗೆ ಗೊತ್ತಾಗಬೇಕು" ಎಂದು ಕೊನೆಯಲ್ಲಿ ಬರೆದಿದ್ದೀಯ.

ಸರಿ. ಹತ್ತೊಂಬತ್ತು ವರ್ಷ ಸಾಕಿದ ಮಗಳ ಹತ್ತಿರ ಇನ್ನೊಬ್ಬರ ಬಾಯಿಂದ ಮಾತಾಡಬೇಕು. ಲಲಿತಮ್ಮನವರೇ, ನೀವು ಯಾರೋ, ನಿಮಗೆ ನನ್ನ ನಮಸ್ಕಾರ.

ನನ್ನ ಅವ್ವ, ನಿನ್ನ ಆಯಿ, ದಾವಲಬಿ ತೀರಿಕೊಂಡು ನಾಡಿದ್ದಿಗೆ ಎರಡು ತಿಂಗಳು. ಮೊಮ್ಮಗಳನ್ನು ನೋಡಬೇಕೆಂದು ಗದಗದ ಮುಳಗುಂದದಿಂದ ಆರು ತಿಂಗಳ ವೀಸಾದ ಮೇಲೆ ಬಂದವಳು ಇಲ್ಲಿಯೇ ಮಣ್ಣಾದಳು. ನೀನು ಕಾಲೇಜು ಬಿಟ್ಟು, ಮನೆ ಬಿಟ್ಟು, ಚಿಕಾಗೋ ಕಡೆಗೆ ಹೋಗಿ ಆರು ವಾರ. ನಿನ್ನೆ ಕಬರಸ್ತಾನಕ್ಕೆ ಹೋಗಿದ್ದೆ. ಹಿಮ ಬಿದ್ದು ಯಾವುದು ಯಾರದೆಂದು ತಿಳಿಯುವುದಿಲ್ಲ, ಸಾಲು ಎಣಿಸಿಕೊಂಡು ಹೋಗಬೇಕು. ಅವಳನ್ನು ಮಣ್ಣು ಮಾಡಿದ ದಿನ ಅರಬ್ಬಿಯಲ್ಲಿ ದುವಾ ಆಯಿತು, ಉರ್ದುವಿನಲ್ಲಿ ಸಮಾಧಾನ ಹೇಳಿದರು, ಇಂಗ್ಲಿಷಿನಲ್ಲಿ ಕಾರು ಎಲ್ಲಿ ನಿಲ್ಲಿಸಬೇಕೆಂದು ಹೇಳಿದರು. ಅವಳಿಗೆ ಅರ್ಥವಾಗುವ ಒಂದು ಮಾತೂ ಅಲ್ಲಿ ಕೇಳಲಿಲ್ಲ. ನಾನೇ ಆಡಬಹುದಿತ್ತು. ಹೆಂಗಸರೆಲ್ಲ ಕಾರಿನ ಹತ್ತಿರ ನಿಂತಿದ್ದೆವು, ನಾನೂ ನಿಂತಿದ್ದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಕನ್ನಡದಲ್ಲಿಯೇ ಬರೆದಿದ್ದೇನೆ, ನೋಡಿಕೊ.

ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು.
ನಿನ್ನ ತಾಯಿ,
ಮಲಿಕಾ


ಇಟಾಸ್ಕಾ, ಇಲಿನಾಯ್
ಫೆಬ್ರವರಿ 2, 2025

ಪ್ರೀತಿಯ ಅಮ್ಮನಿಗೆ,

ನಿನ್ನ ಪತ್ರವನ್ನು ಲಲಿತಮ್ಮ ಆಂಟಿ ಎರಡು ಸಲ ಓದಿ ಹೇಳಿದರು. ಸಿಟ್ಟಿಲ್ಲ ಎಂದಿದ್ದೀಯ. ಆ ದಿನ ಏನಾಯಿತೆಂದು ನಾನು ನಿನಗೆ ಪೂರ್ತಿ ಹೇಳಿಲ್ಲ, ಪೂರ್ತಿ ಕೇಳಿದ ಮೇಲೆ ಹೇಳು.

ಅವತ್ತು ಗುರುವಾರ, ನನಗೆ ಕ್ಲಾಸ್ ಇರಲಿಲ್ಲ. ಅಪ್ಪ ಟೊಲೀಡೋಗೆ ಹೋಗಿದ್ದರು. ನೀನು ಆಬರ್ನ್ ಹಿಲ್ಸ್‌ನಲ್ಲಿ, ಪ್ಲಾಂಟಿನಲ್ಲಿ ಕೆಲಸದ ಮೇಲಿದ್ದೆ. ಆಯಿ ಸೋಫಾದ ದಿಂಬಿನ ಹೊಲಿಗೆ ಬಿಚ್ಚಿ ಒಳಗಿನ ಪಾಲಿಯೆಸ್ಟರ್ ತೆಗೆದು ನನಗೆ ತೋರಿಸಿ ಏನೋ ಬೈಯುತ್ತಿದ್ದರು. ನನಗೆ ನಗು ಬಂತು. ಒಂದು ಗಂಟೆಯ ಹೊತ್ತಿಗೆ ನನ್ನ ಹತ್ತಿರ ಬಂದು ಎದೆ ಸವರಿಕೊಂಡು "ಒಂಥರಾ ಆಗಾಕತ್ತೈತಿ" ಅಂದರು.

'ಒಂಥರಾ' ನನಗೆ ಗೊತ್ತಿದ್ದ ಪದ. ನೀನು ಎಲ್ಲದಕ್ಕೂ ಅದನ್ನೇ ಹೇಳುತ್ತೀಯ. ಹೊಸ ಪರದೆಯ ಬಣ್ಣ ಒಂಥರಾ, ಪಕ್ಕದ ಮನೆಯವರ ನಗು ಒಂಥರಾ, ಅಂಗಡಿಯ ಕೊತ್ತಂಬರಿ ಒಂಥರಾ. ಏನೋ ಸರಿ ಇಲ್ಲ, ಅಷ್ಟೇ ಎಂದುಕೊಂಡೆ. ಆದರೂ ಅವರ ಮುಖ ನೋಡಿ ನಿನಗೆ ಎರಡು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ನಮ್ಮ ಬಡಾವಣೆಯ ಆಚೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ.

ಅಲ್ಲಿ ಒಂದು ಫಾರ್ಮ್ ಕೊಟ್ಟರು. ಪೇಶೆಂಟಿನ ಭಾಷೆ ಯಾವುದು ಎಂದಿತ್ತು. ನಾನು ಉರ್ದು ಎಂದು ಬರೆದೆ. ಸ್ಕೂಲಿನ ಫಾರ್ಮುಗಳಲ್ಲಿ ಮನೆಮಾತು ಎಂದಿದ್ದ ಕಡೆ ಅಪ್ಪ ಪ್ರತಿವರ್ಷ ಅದನ್ನೇ ಬರೆಯುತ್ತಿದ್ದರು. ಅಪ್ಪನ ಅಮ್ಮ, ನಿನ್ನ ಅಮ್ಮ ಇಬ್ಬರೂ ಆಡುವುದು ಒಂದೇ ಭಾಷೆ ಎಂದು ನಾನು ತಿಳಿದಿದ್ದೆ. ಎರಡೂ ನನಗೆ ಅರ್ಥವಾಗುತ್ತಿರಲಿಲ್ಲವಲ್ಲ, ಎರಡೂ ಒಂದೇ ಥರ ಕೇಳಿಸುತ್ತಿತ್ತು.

ತರ್ಜುಮೆ ಮಾಡಲು ಫೋನಿನಲ್ಲಿ ಉರ್ದು ಮಾತಾಡುವ ಹೆಂಗಸು ಸಿಕ್ಕಿದಳು. ಆಯಿ ಫೋನನ್ನು ಎರಡು ಕೈಯಲ್ಲಿ ಹಿಡಿದು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಬಹಳ ಮರ್ಯಾದೆಯಿಂದ "ಹಾಂ, ಹಾಂ, ಅಚ್ಛಾ" ಅಂದರು. ಆ ಹೆಂಗಸು ನರ್ಸಿಗೆ "ನೋವಿಲ್ಲ, ಆರಾಮಾಗಿದ್ದಾರೆ" ಎಂದಳು. ನರ್ಸ್ ನನ್ನನ್ನು ಕೇಳಿದಳು. "ಕೈಂಡ್ ಆಫ್ ವಿಯರ್ಡ್ ಅನ್ನಿಸ್ತಿದೆಯಂತೆ" ಅಂದೆ ನಾನು. ಎದೆನೋವು ಬಂದರೆ ತಕ್ಷಣ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಬೇಕು ಎಂದು ಹೇಳಿ ಕಳಿಸಿದರು. ಎದೆನೋವು ಎನ್ನುವುದನ್ನು ಆಯಿಗೆ ಹೇಗೆ ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ. ನಾಲ್ಕೂವರೆಗೆ ಅವರು ಸೋಫಾದಲ್ಲಿ ಒರಗಿದರು, ಮತ್ತೆ ಏಳಲಿಲ್ಲ. ನೀನು ಬಂದದ್ದು ಐದೂವರೆಗೆ.

ಮೂರನೆಯ ದಿನ ಮನೆ ತುಂಬ ಜನ ಇದ್ದಾಗ ನೀನು ನನ್ನ ಕಡೆ ಕೈ ತೋರಿಸಿ ಅಪ್ಪನಿಗೆ ಏನೋ ಅಂದೆ. ಏನಂದಳು ಎಂದು ಅಪ್ಪನನ್ನು ಕೇಳಿದೆ. ಅಪ್ಪ ಯಾವತ್ತೂ ಯಾವುದನ್ನೂ ನನಗೆ ಪೂರ್ತಿ ಅನುವಾದಿಸಿದವರಲ್ಲ. ಅವತ್ತು ಮಾತ್ರ ಒಂದು ಪದವನ್ನೂ ಬಿಡಲಿಲ್ಲ. "ನನ್ನ ಮಾತು ಈ ಮನಿಯೊಳಗ ಇದ್ದಿದ್ರ ನಮ್ಮವ್ವ ಇರ್ತಿದ್ಲು."

ಸದ್ಯಕ್ಕೆ ನನಗೆ ಬರಲಾಗುವುದಿಲ್ಲ.

ಎಂದೆಂದಿಗೂ ನಿನ್ನ ಪ್ರೀತಿಯ ಮಗಳು,
ಅನಮ್


ಪ್ಲಿಮತ್
ಫೆಬ್ರವರಿ 16, 2025

ಅನಮ್,

ನೀನು ನನ್ನನ್ನು ಮಾಮ್ ಎಂದು ಕರೆಯುವವಳು. 'ಪ್ರೀತಿಯ ಅಮ್ಮನಿಗೆ' ಎಂದು ನೋಡಿ, ಮುಂದಿನದನ್ನು ಓದುವ ಮೊದಲು ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ನಿಂತೆ.

ನಿನಗೆ ಯಾರೂ ಹೇಳದೆ ಹೋದದ್ದನ್ನು ಈಗ ಹೇಳುತ್ತೇನೆ. ನಾವು ನದಾಫರು. ನಮ್ಮ ಹಿರಿಯರು ಹತ್ತಿ ಹಿಂಜಿ ಗಾದಿ ಹೊಲಿಯುವವರು. ಐದು ಹೊತ್ತು ನಮಾಜು ಮಾಡುತ್ತೇವೆ, ಮನೆಯಲ್ಲಿ ಕನ್ನಡ ಆಡುತ್ತೇವೆ. ನಿಮ್ಮಪ್ಪನ ಮನೆಯವರು ತುಮಕೂರಿನವರು, ಅವರದು ದಖನಿ ಉರ್ದು. ಅವ್ವನಿಗೆ ಉರ್ದುವಿನಲ್ಲಿ ಬರುತ್ತಿದ್ದದ್ದು 'ಹಾಂ' ಮತ್ತು 'ಅಚ್ಛಾ'. ಮಸೀದಿಯ ದೊಡ್ಡವರು ಮಾತಾಡಿಸಿದರೆ ಮರ್ಯಾದೆಗೆ ಅಷ್ಟು ಹೇಳಿಬಿಡುತ್ತಿದ್ದಳು. ಆ ಫೋನಿನ ಹೆಂಗಸಿಗೂ ಮರ್ಯಾದೆ ಕೊಟ್ಟಿದ್ದಾಳೆ. ದಿಂಬು ಬಿಚ್ಚಿ ಬೈದದ್ದು ಏನೆಂದು ನನಗೆ ಗೊತ್ತು. "ಇದರಾಗ ಅರಳಿ ಎಲ್ಲೈತಿ, ಬರೇ ಸುಳ್ಳ ತುಂಬ್ಯಾರ" ಅಂದಿರುತ್ತಾಳೆ. ನನಗೂ ಹಾಗೇ ತೋರಿಸಿದ್ದಳು.

ನಿನ್ನ ಎರಡು ಕರೆ ಬಂದದ್ದು ನಿಜ. ಅವತ್ತು ಆಡಿಟ್. ಹನ್ನೊಂದರ ನಂತರ ಫೋನುಗಳನ್ನು ಲಾಕರಿನಲ್ಲಿ ಇಡಿಸಿದ್ದರು.

ಹನ್ನೊಂದಕ್ಕೆ ಮೊದಲಿನದೂ ಒಂದಿದೆ. ಅದನ್ನು ಎರಡು ಸಲ ಬರೆದು ಎರಡು ಸಲ ಹರಿದೆ. ಇನ್ನೊಮ್ಮೆ ಬರೆಯುತ್ತೇನೆ.

ಮೂರನೆಯ ದಿನ ನಾನು ಆಡಿದ ಮಾತು ನಿನಗಲ್ಲ, ನಿಮ್ಮಪ್ಪನಿಗೆ. ಆದರೆ ಕೈ ನಿನ್ನ ಕಡೆಗಿತ್ತು, ಅದನ್ನು ಇಲ್ಲ ಎನ್ನಲಾರೆ.

ನಿನ್ನ ತಾಯಿ,
ಮಲಿಕಾ


ಇಟಾಸ್ಕಾ
ಏಪ್ರಿಲ್ 6, 2025

ಪ್ರೀತಿಯ ಅಮ್ಮನಿಗೆ,

ಈದ್‌ಗೆ ನಾನು ಬರಲಿಲ್ಲ. ಲಲಿತಮ್ಮ ಆಂಟಿ ಎಲ್ಲೋ ನೋಡಿ ಶಾವಿಗೆ ಪಾಯಸ ಮಾಡಿದರು. ಅದಕ್ಕೆ ಅವರು ಪಚ್ಚಕರ್ಪೂರ ಹಾಕಿದ್ದರಿಂದ ಅದು ಬೇರೆ ಏನೋ ಆಯಿತು. ತಿಂದೆ.

ನಾನು ಕೆಲಸ ಮಾಡುವ ಹೋಟೆಲಿನ ಫ್ರಂಟ್ ಡೆಸ್ಕಿನಲ್ಲಿ ಸೆಲೆಸ್ತಿನಾ ಎಂಬುವರಿದ್ದಾರೆ. ವಯಸ್ಸು ಐವತ್ತು ದಾಟಿದೆ. ಆಫ್ರಿಕಾದ ಮೊಜಾಂಬಿಕ್ ದೇಶದವರು, ನಾಂಪುಲಾ ಊರು. ಆಯಿಯ ವಿಷಯ ಅಲ್ಲಿ ಅವರೊಬ್ಬರಿಗೇ ಹೇಳಿದ್ದು. ಅವರು ಸಮಾಧಾನ ಹೇಳಲಿಲ್ಲ. "ನಿಮ್ಮನೇಲಿ ಆಗಿದ್ದೇ ನಮ್ಮ ದೇಶಕ್ಕೂ ಆಯ್ತು" ಅಂದರು.

ಅವರ ದೇಶವನ್ನು ಪೋರ್ಚುಗೀಸರು ನಾನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿದಿದ್ದರು. ಪೋರ್ಚುಗೀಸರ ಶಾಲೆಗಳಲ್ಲಿ ಮಕ್ಕಳು ಮನೆಯ ಭಾಷೆ ಆಡಿದರೆ ಮರದ ಹಲಗೆಯಿಂದ ಅಂಗೈಗೆ ಹೊಡೆಯುತ್ತಿದ್ದರಂತೆ. ಆಮೇಲೆ ಜನ ಬಂದೂಕು ಹಿಡಿದರು. ಪಕ್ಕದ ಟಾಂಜಾನಿಯಾದಲ್ಲಿ ಶಿಬಿರ ಮಾಡಿದರು. ಉತ್ತರದಿಂದ ಬಂದವರಿಗೆ ಮಕುವಾ, ಮಕೊಂಡೆ, ದಕ್ಷಿಣದಿಂದ ಬಂದವರಿಗೆ ಶಂಗಾನಾ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಎಲ್ಲರಿಗೂ ಒಂದಿಷ್ಟಾದರೂ ಬರುತ್ತಿದ್ದದ್ದು ಯಾರ ವಿರುದ್ಧ ಹೋರಾಡುತ್ತಿದ್ದರೋ ಅವರ ಭಾಷೆ. ಹಾಗಾಗಿ ಪೋರ್ಚುಗೀಸರನ್ನು ಓಡಿಸುವ ಪಾಠವನ್ನು ಪೋರ್ಚುಗೀಸಿನಲ್ಲಿಯೇ ಹೇಳಿಕೊಟ್ಟರು.

1975ರಲ್ಲಿ ಸ್ವಾತಂತ್ರ್ಯ ಬಂತು. ದೇಶದಲ್ಲಿ ನಲವತ್ತರಷ್ಟು ಭಾಷೆಗಳು. ಮಕುವಾ ಆಡುವವರೇ ಹೆಚ್ಚು, ಆದರೂ ಅವರು ಅರ್ಧಕ್ಕಿಂತ ಬಹಳ ಕಡಿಮೆ. ಮಕುವಾವನ್ನು ದೇಶದ ಭಾಷೆ ಮಾಡಿದರೆ ದಕ್ಷಿಣದವರು ಬಿಡುವುದಿಲ್ಲ, ಶಂಗಾನಾ ಮಾಡಿದರೆ ಉತ್ತರದವರು ಬಿಡುವುದಿಲ್ಲ. ಕೊನೆಗೆ ಯಾರದೂ ಅಲ್ಲದ ಭಾಷೆಯನ್ನು ಎಲ್ಲರದೂ ಎಂದರು. ಐಕ್ಯದ ಭಾಷೆ ಎಂದು ಹೆಸರಿಟ್ಟರು. ಆ ಕಾಲಕ್ಕೆ ಪೋರ್ಚುಗೀಸ್ ತಾಯಿಯ ಮಾತಾಗಿದ್ದವರು ನೂರಕ್ಕೆ ಒಬ್ಬರು.

ಸೆಲೆಸ್ತಿನಾ ಶಾಲೆಗೆ ಸೇರಿದ್ದು ಸ್ವಾತಂತ್ರ್ಯ ಬಂದ ಮೇಲೆ. ಮೊದಲ ವಾರವೇ ನೀರು ಬೇಕು ಎಂದು ಮಕುವಾದಲ್ಲಿ ಕೇಳಿ ಏಟು ತಿಂದರಂತೆ. "ಹೊಡೆಯೋ ಮೇಷ್ಟ್ರು ಬದಲಾಗಿದ್ರು, ಅಷ್ಟೇ" ಅಂದರು. ಅವರ ತಾಯಿ ಕೊನೆಯ ದಿನಗಳಲ್ಲಿ ಮಕುವಾ ಬಿಟ್ಟು ಬೇರೆ ಆಡಲಿಲ್ಲ. ಅದರಲ್ಲಿ ಅರ್ಧ ಇವರಿಗೆ ತಿಳಿಯಲಿಲ್ಲ. ಏನು ಹೇಳಿದರೋ ಎಂದು ಈಗಲೂ ಯೋಚಿಸುತ್ತಾರಂತೆ.

ಅಮ್ಮ, ನಮ್ಮ ಮನೆಯಲ್ಲಿ ಯುದ್ಧ ನಡೆದದ್ದು ಯಾರ ಯಾರ ನಡುವೆ? ನನಗೆ ಇಂಗ್ಲಿಷ್ ಎಂದು ಆರಿಸಿದವರು ಯಾರು?

ಎಂದೆಂದಿಗೂ ನಿನ್ನ ಪ್ರೀತಿಯ ಮಗಳು,
ಅನಮ್


ಇಟಾಸ್ಕಾ
ಏಪ್ರಿಲ್ 20, 2025

ಮಲಿಕಾ ಅವರಿಗೆ,

ಇದು ನಾನು, ಲಲಿತಮ್ಮ. ನಿಮ್ಮ ಮಗಳಿಗೆ ಹೇಳದೆ ಬರೆಯುತ್ತಿದ್ದೇನೆ, ಅವಳು ಕೆಲಸಕ್ಕೆ ಹೋಗಿದ್ದಾಳೆ.

ಮೂವತ್ತೆರಡು ವರ್ಷ ನಾನು ಮೈಸೂರಿನ ತಾರು ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂತವಳು. ಜನ ಅಳುತ್ತ ಬಂದು ಅರ್ಧ ಗಂಟೆ ಹೇಳುತ್ತಿದ್ದರು, ನಾನು ಅದನ್ನು ಎಂಟು ಪದದ ಟೆಲಿಗ್ರಾಮಿಗೆ ಇಳಿಸುತ್ತಿದ್ದೆ. ತೀರಿಕೊಂಡವರನ್ನು 'ಸೀರಿಯಸ್, ಕೂಡಲೇ ಹೊರಟು ಬಾ' ಎಂದು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ರೈಲಿನಲ್ಲಿ ಬರುವವರು ಬರುವ ತನಕವಾದರೂ ಉಸಿರಾಡಿಕೊಂಡು ಬರಲಿ ಎಂದು. ಅಂಥ ಕೈ ಇದು. ಇದಕ್ಕೆ ಒರಟು ಮಾತು ಬರೆಯಲು ಬರುವುದಿಲ್ಲ.

ತಪ್ಪೊಪ್ಪಿಕೊಳ್ಳುತ್ತೇನೆ. 'ಪ್ರೀತಿಯ ಅಮ್ಮನಿಗೆ' ಎನ್ನುವುದು ನನ್ನದು. 'ಎಂದೆಂದಿಗೂ' ಎನ್ನುವುದೂ ನನ್ನದೇ. ಅವಳು ಹೇಳುವುದು ಬರೀ ಅನಮ್ ಎಂದು. ಫೆಬ್ರವರಿಯಲ್ಲಿ ಸದ್ಯಕ್ಕೆ ಬರಲಾಗುವುದಿಲ್ಲ ಎಂದು ಬರೆದೆನಲ್ಲ, ಅವಳಂದದ್ದು "ಐ ಕಾಂಟ್ ಲುಕ್ ಅಟ್ ಹರ್ ಫೇಸ್" ಎಂದು. ಅಡುಗೆಮನೆಯಲ್ಲಿ ನಿಂತೆ ಎಂದು ನೀವು ಬರೆದದ್ದನ್ನು ಓದಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ಇನ್ನು ಮೇಲೆ ಅವಳು ಹೇಳಿದಷ್ಟೇ ಬರೆಯುತ್ತೇನೆ.

ಇನ್ನೊಂದು. ಹೋಟೆಲಿನ ಹಾಳೆಗಳ ಹಿಂಭಾಗದಲ್ಲಿ ಅವಳು ಕಾಗುಣಿತ ತಿದ್ದುತ್ತಿದ್ದಾಳೆ. 'ಳ' ಬರೆಯಲು ಹೋಗಿ ಇರುವೆ ಸಾಲು ಬರೆದ ಹಾಗೆ ಬರೆಯುತ್ತಾಳೆ. ನಾನು ನಕ್ಕರೆ ಮುಖ ಊದಿಸಿಕೊಳ್ಳುತ್ತಾಳೆ. ಕಾಲೇಜಿನ ಮಾತೆತ್ತಿದರೆ ಎದ್ದು ಹೋಗುತ್ತಾಳೆ. ಈ ಹುಡುಗಿ ಒಳಗೊಳಗೇ ತನ್ನನ್ನು ತಿಂದುಕೊಳ್ಳುತ್ತಿದೆ, ಅದು ನಿಮಗೆ ತಿಳಿದಿರಲಿ.

ನಿಮ್ಮ ವಿಶ್ವಾಸಿ,
ಲಲಿತಮ್ಮ


ಪ್ಲಿಮತ್
ಮೇ 11, 2025

ಅನಮ್,

ಇವತ್ತು ಇಲ್ಲಿ ಅಮ್ಮಂದಿರ ದಿನವಂತೆ. ಅಂಗಡಿಯಲ್ಲಿ ಹೂವಿಗೆ ಸಾಲು ನಿಂತಿದ್ದರು. ನಾನು ಹಾಲು ತೆಗೆದುಕೊಂಡು ಬಂದೆ.

ನನ್ನ ಮುಖ ನೋಡಲಾಗುವುದಿಲ್ಲ ಎಂದು ನೀನು ಹೇಳಿದ್ದು ನನಗೆ ತಲುಪಿದೆ. ಲಲಿತಮ್ಮನವರ ಮೇಲೆ ಸಿಟ್ಟು ಮಾಡಬೇಡ, ಅವರು ಒಳ್ಳೆಯದಕ್ಕೇ ಮುಚ್ಚಿದ್ದರು.

ಯುದ್ಧ ಯಾರ ನಡುವೆ ಎಂದು ಕೇಳಿದ್ದೀಯ. ನಿನಗೆ ಎರಡು ವರ್ಷ. ನಿಮ್ಮಪ್ಪನ ತಾಯಿ ತುಮಕೂರಿನಿಂದ ಬಂದು ನಮ್ಮ ಜೊತೆ ಇದ್ದರು. ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಕನ್ನಡದಲ್ಲಿ ಏನಾದರೂ ಗುನುಗಿದರೆ ಸಾಕು, "ಘರ್ ಮೆ ಬಜಾರ್ ಕಿ ಬೋಲಿ ನಕ್ಕೊ" ಅನ್ನುತ್ತಿದ್ದರು. ನನ್ನ ಅವ್ವ ಆಡಿದ ಮಾತು ಅವರಿಗೆ ಸಂತೆಯ ಮಾತು, ಮನೆಯಲ್ಲಿ ಬೇಡ. ನಾನೂ ಸುಮ್ಮನಿರುವವಳಲ್ಲ. ಎರಡು ವಾರ ಉರ್ದು ಅರ್ಥವಾಗದವಳ ಹಾಗೆ ನಟಿಸಿದೆ. ಉಪ್ಪು ಕೇಳಿದರೆ ಸಕ್ಕರೆ ಕೊಟ್ಟೆ. ನಿಮ್ಮಪ್ಪ ಇಬ್ಬರ ನಡುವೆ ನಿಂತು ತರ್ಜುಮೆ ಮಾಡುವರು, ಇಬ್ಬರಿಗೂ ಇಷ್ಟವಾಗುವ ಹಾಗೆ ಸುಳ್ಳು ಹೇಳುವರು.

ಎರಡೂವರೆ ವರ್ಷವಾದರೂ ನೀನು ಒಂದು ಮಾತನ್ನೂ ಆಡಲಿಲ್ಲ. ಪಕ್ಕದ ಊರು ಕ್ಯಾಂಟನ್ನಿನಲ್ಲಿ ಡಾಕ್ಟರಿಗೆ ತೋರಿಸಿದೆವು. ಯಾವುದಾದರೂ ಒಂದೇ ಭಾಷೆ ಇಟ್ಟುಕೊಳ್ಳಿ ಎಂದರು. ಹಾಗೆ ಮಾಡಬೇಕಿರಲಿಲ್ಲವೆಂದು ಈಗ ಓದುತ್ತೇನೆ, ಆಗ ಯಾರಿಗೆ ಗೊತ್ತಿತ್ತು. ನಿಮ್ಮಪ್ಪ, ನಾನು ಊಟದ ಮೇಜಿನ ಎದುರುಬದುರು ಕೂತೆವು. ಅವರು ಉರ್ದು ಎಂದರು, ನಾನು ಕನ್ನಡ ಎಂದೆ. ಕನ್ನಡವಾದರೆ ತನ್ನ ಅಮ್ಮ ಮನೆ ಬಿಟ್ಟು ಹೋಗುತ್ತಾರೆ ಎಂದರು. ಉರ್ದುವಾದರೆ ನಾನು ಹೋಗುತ್ತೇನೆ ಎಂದೆ. ಆಮೇಲೆ "ಇಂಗ್ಲಿಷ್" ಎಂದವಳು ನಾನು. ನಾನೇ, ಅನಮ್. ಮಕುವಾದವರೂ ಗೆಲ್ಲಬಾರದು, ಶಂಗಾನಾದವರೂ ಗೆಲ್ಲಬಾರದು. ಎಲ್ಲರಿಗೂ ಸಮನಾಗಿ ಅನ್ಯಾಯವಾದರೆ ಅದೂ ಒಂದು ನ್ಯಾಯವೇ ಎಂದು ಆ ದೇಶದವರಿಗೆ ಅನ್ನಿಸಿದ ಹಾಗೆ ನಮಗೂ ಅನ್ನಿಸಿತು. ಅವತ್ತು ಸಂಜೆ ಮೂವರೂ ಐಸ್‌ಕ್ರೀಮ್ ತಿನ್ನಲು ಹೋದೆವು. ಚಮಚ ಖಾಲಿಯಾದಾಗ ನೀನು "ಮೋರ್" ಅಂದೆ. ಅದು ನಿನ್ನ ಮೊದಲ ಮಾತು. ನಾವು ಎಷ್ಟು ಖುಷಿಪಟ್ಟೆವೆಂದರೆ ಇನ್ನೊಂದು ತರಿಸಿದೆವು.

ಆ ಫಾರ್ಮಿನ ವಿಷಯ. ಒಪ್ಪಂದ ಇಂಗ್ಲಿಷಿನದಾದರೂ ಶಾಲೆಯ ಫಾರ್ಮಿನಲ್ಲಿ ಮನೆಮಾತು ಎಂದಿದ್ದಲ್ಲಿ ನಿಮ್ಮಪ್ಪ ಉರ್ದು ಎಂದು ತುಂಬಿದ್ದನ್ನು ಮೊದಲ ವರ್ಷವೇ ನೋಡಿದ್ದೆ. ಉರ್ದು ಬರೆಯಲು ಬಾರದ ಮನುಷ್ಯ, ತುಮಕೂರಿನಲ್ಲಿ ಕನ್ನಡ ಮೀಡಿಯಂ ಓದಿದವರು. ಫಾರ್ಮಿನಲ್ಲಾದರೂ ಗೆಲ್ಲಲಿ ಬಿಡು ಎಂದುಕೊಂಡೆ.

ನಿನ್ನದು ಎಂದು ನೀನು ತಿಳಿದ ತಪ್ಪನ್ನು ನಾವಿಬ್ಬರೂ ವರ್ಷವರ್ಷ ಸಹಿ ಮಾಡಿ ಶಾಲೆಗೆ ಕಳಿಸಿದ್ದೇವೆ. ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆಯಬೇಕಿತ್ತು. ಕೈ ಬರುತ್ತಿಲ್ಲ.

ನಿನ್ನ ತಾಯಿ,
ಮಲಿಕಾ


ಇಟಾಸ್ಕಾ
ಜೂನ್ 29, 2025

ಮಾಮ್,

ಆಂಟಿಗೆ ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆಯಲು ಹೇಳಿದ್ದೇನೆ.

ಈ ವಾರಕ್ಕೆ ಮೊಜಾಂಬಿಕ್‌ಗೆ ಸ್ವಾತಂತ್ರ್ಯ ಬಂದು ಐವತ್ತು ವರ್ಷ. ಸೆಲೆಸ್ತಿನಾ ನನ್ನನ್ನು ಒಂದು ಚರ್ಚಿನ ಹಾಲ್‌ಗೆ ಕರೆದುಕೊಂಡು ಹೋದರು. ಮೂವತ್ತು ಜನ ಇದ್ದರು. ರಾಷ್ಟ್ರಗೀತೆ ಪೋರ್ಚುಗೀಸಿನಲ್ಲಿ. ವಯಸ್ಸಾದವರು ಕಣ್ಣು ಮುಚ್ಚಿಕೊಂಡು ಹಾಡಿದರು. ಊಟದ ಹೊತ್ತಿಗೆ ಇಬ್ಬರು ಮುದುಕರಿಗೆ ಜಗಳ ಹತ್ತಿತು. ನಮ್ಮ ಭಾಷೆಯನ್ನೇ ಇಡಬೇಕಿತ್ತು ಎಂದು ಒಬ್ಬರು, ನಮ್ಮದು ಎಂದರೆ ಯಾವುದು ಹೇಳು ಎಂದು ಇನ್ನೊಬ್ಬರು. ಜಗಳವಾಡಿದ್ದು ಪೋರ್ಚುಗೀಸಿನಲ್ಲಿ. ಈಗ ಅಲ್ಲಿ ಆರು ಜನರಲ್ಲಿ ಒಬ್ಬರಿಗೆ ಅದು ತಾಯಿಯ ಭಾಷೆಯಂತೆ, ಅರ್ಧ ದೇಶಕ್ಕೆ ಅದು ಬರುತ್ತದಂತೆ. ನಾನು ಸೆಲೆಸ್ತಿನಾರನ್ನು ಕೇಳಿದೆ, ಆರಿಸಿದವರು ತಪ್ಪು ಮಾಡಿದರಾ ಎಂದು. "ದೇಶ ಒಡೆದುಹೋಗುತ್ತಿತ್ತು. ಅವರಿಗೆ ಬೇರೆ ದಾರಿ ಇರಲಿಲ್ಲ" ಎಂದು ಹೇಳಿ ತಟ್ಟೆ ಎತ್ತಿಕೊಂಡು ಹೋದರು.

ನಿನ್ನ ಪತ್ರ ಕೇಳಿದ ಮೇಲೆ ನೀನು, ಅಪ್ಪ ಮಾಡಿದ್ದು ನನಗೆ ಅರ್ಥವಾಗುತ್ತದೆ. ನಿಮಗೂ ಬೇರೆ ದಾರಿ ಇರಲಿಲ್ಲ. ನನಗೆ ಇತ್ತು. ಮೂರನೆಯ ಸಲ ನಿನಗೆ ಫೋನ್ ಮಾಡಬಹುದಿತ್ತು. ಪ್ಲಾಂಟಿನ ಆಫೀಸಿಗೆ ಮಾಡಬಹುದಿತ್ತು. ಎಮರ್ಜೆನ್ಸಿಗೇ ಕರೆದುಕೊಂಡು ಹೋಗಬಹುದಿತ್ತು. ಅವರು ನನ್ನ ಕೈ ಹಿಡಿದುಕೊಂಡು ಹೇಳಿದರು, ನಾನು ವಿಯರ್ಡ್ ಎಂದೆ. ನಾನೇ ಅವರನ್ನು ಕೊಂದೆ. ಈ ಮಾತನ್ನು ಬರೆಯುವುದಿಲ್ಲ ಎಂದು ಆಂಟಿ ಪೆನ್ನು ಕೆಳಗಿಟ್ಟಿದ್ದರು. ಹಠ ಮಾಡಿ ಬರೆಸಿದ್ದೇನೆ.

ಕಾಲೇಜಿಗೆ ಮತ್ತೆ ಸೇರುವುದಿಲ್ಲ. ಅವರು ಇನ್ನೂ ಕಾಯ್ದಿಟ್ಟಿರುವ ನನ್ನ ಸೀಟು ಬೇಡ ಎಂದು ಈಮೇಲ್ ಬರೆದಿಟ್ಟಿದ್ದೇನೆ, ಆಗಸ್ಟ್ ಒಂದಕ್ಕೆ ಕಳಿಸುತ್ತೇನೆ. ನೀವು ನನಗಾಗಿ ಕಾಯುವುದು ಬೇಡ.

ಅನಮ್


ಪ್ಲಿಮತ್
ಜುಲೈ 20, 2025

ಲಲಿತಮ್ಮನವರೇ, ಈ ಕಾಗದದಲ್ಲಿ ಒಂದು ಪದವನ್ನೂ ಕತ್ತರಿಸಬೇಡಿ, ಮೆತ್ತಗೆ ಮಾಡಬೇಡಿ. ನಡುವೆ ನಿಲ್ಲಿಸಬೇಡಿ.

ಅನಮ್,

ನೀನು ಕೊಂದಿಲ್ಲ.

ನವೆಂಬರ್ ಹದಿನಾಲ್ಕು, ಬೆಳಿಗ್ಗೆ 10:40. ನೀನು ಮೇಲೆ ಸ್ನಾನಕ್ಕೆ ಹೋಗಿದ್ದೆಯಂತೆ. ಅವ್ವ ನನಗೆ ಫೋನ್ ಮಾಡಿದಳು. ಆಡಿಟಿಗೆ ಬಂದವರು ಬಾಗಿಲ ಹತ್ತಿರ ನಿಂತಿದ್ದರು, ನನ್ನ ಕೈಯಲ್ಲಿ ಅವರ ಬ್ಯಾಡ್ಜುಗಳಿದ್ದವು.

"ಮಲಿಕವ್ವಾ, ಯಾಕೋ ಒಂಥರಾ ಆಗಾಕತ್ತೈತಿ" ಅಂದಳು.

"ಬ್ಯಾನಿ ಏನರ ಐತೇನು?"

"ಬ್ಯಾನಿ ಇಲ್ಲ. ಎಡಗೈ ಜೋಮು ಹಿಡದಂಗ ಆಗೈತಿ. ಸುಮ್ನ ಕುಂತ್ರೂ ಬೆವರು ಬರಾಕತ್ತೈತಿ."

"ಗ್ಯಾಸ್ ಆಗಿರಬೇಕವ್ವ. ಬಿಸಿನೀರು ಕುಡದು ಮಲ್ಕೊ. ಇಲ್ಲಿ ದೊಡ್ಡ ಮಂದಿ ಬಂದಾರ, ಸಂಜೀಕೆ ಬರ್ತೀನಿ. ಹುಡುಗಿಗೆ ಹೇಳಬ್ಯಾಡ, ಗಾಬರಿ ಆಗ್ತಾಳ."

"ಆತು ಬಿಡವಾ, ನೀ ಕೆಲಸಾ ನೋಡು."

ಐವತ್ತೆರಡು ಸೆಕೆಂಡು. ಫೋನಿನ ಕಾಲ್ ಲಿಸ್ಟಿನಲ್ಲಿ ಈಗಲೂ ಇದೆ, ನಾನು ಅಳಿಸಿಲ್ಲ.

ಎಡಗೈ, ಬೆವರು. ಪ್ಲಾಂಟಿನ ಗೋಡೆಗೆ ಅಂಟಿಸಿರುವ ಮೊದಲ ಚಿಕಿತ್ಸೆಯ ಹಾಳೆಯಲ್ಲಿ ಇದೇ ಎರಡು ಬರೆದಿರುತ್ತದೆ. ಅವಳ ಭಾಷೆ ನನ್ನ ಭಾಷೆ. ನಮ್ಮಿಬ್ಬರ ನಡುವೆ ಉರ್ದುವೂ ಇರಲಿಲ್ಲ, ಇಂಗ್ಲಿಷೂ ಇರಲಿಲ್ಲ, ಫಾರ್ಮೂ ಇರಲಿಲ್ಲ. ಅವಳು ಆಡಿದ ಒಂದೊಂದು ಪದವೂ ನನಗೆ ಅರ್ಥವಾಯಿತು. ಅರ್ಥವಾಗಿಯೂ ನಾನು ಬ್ಯಾಡ್ಜು ಹಂಚಲು ಹೋದೆ. ಒಂದು ಪದವೂ ಅರ್ಥವಾಗದ ನೀನು ಅವಳ ಮುಖ ನೋಡಿ, ಕಾರಿನಲ್ಲಿ ಕೂರಿಸಿಕೊಂಡು ಕರೆದುಕೊಂಡು ಹೋದೆ. ಹುಡುಗಿಗೆ ಹೇಳಬೇಡ ಎಂದು ನಾನು ಹೇಳಿದ್ದಕ್ಕೇ ಅವಳು ಎರಡು ಗಂಟೆಗೂ ಹೆಚ್ಚು ಹೊತ್ತು ನಿನಗೆ ಹೇಳದೆ ಸುಮ್ಮನಿದ್ದಳು. ಆ ಎರಡು ಗಂಟೆಯೂ ನನ್ನ ಲೆಕ್ಕದ್ದೇ.

ಮೂರನೆಯ ದಿನ ನಾನು ಆ ಮಾತನ್ನು ಯಾಕೆ ಆಡಿದೆ ಎಂದು ಈಗ ಹೇಳುತ್ತೇನೆ. ಭಾಷೆಯ ಮೇಲೆ ಹಾಕಿದರೆ ನನ್ನ ಮೇಲೆ ಬರುವುದಿಲ್ಲ. ನಿಮ್ಮಪ್ಪನ ಮೇಲೆ ಹೋಗಲಿ, ಸತ್ತುಹೋದ ಅತ್ತೆಯ ಮೇಲೆ ಹೋಗಲಿ, ಎಲ್ಲಿಗಾದರೂ ಹೋಗಲಿ ಎಂದು ಎಸೆದೆ. ನೀನು ಅದನ್ನು ಎತ್ತಿಕೊಂಡೆ. ಎತ್ತಿಕೊಂಡಿದ್ದೀಯ ಎಂದು ನನಗೆ ಅವತ್ತೇ ಗೊತ್ತಾಯಿತು. ನೀನು ಬ್ಯಾಗು ತುಂಬುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಒಂದು ಮಾತು ಹೇಳಿದ್ದರೆ ನೀನು ಹೋಗುತ್ತಿರಲಿಲ್ಲ. ನೀನು ಹೊತ್ತುಕೊಂಡಿದ್ದಷ್ಟು ದಿನ ನನಗೆ ಸ್ವಲ್ಪ ಹಗುರವಾಗಿತ್ತು. ಹೆತ್ತವಳು ಇದನ್ನು ಬರೆಯುತ್ತಿದ್ದೇನೆ. ಎಂಟು ತಿಂಗಳು ಅದನ್ನು ನನ್ನ ಮಗಳ ತಲೆಯ ಮೇಲೆ ಇಟ್ಟು ನಾನು ಊಟ ಮಾಡಿದ್ದೇನೆ, ಕೆಲಸಕ್ಕೆ ಹೋಗಿದ್ದೇನೆ.

ನಿಮ್ಮಪ್ಪನಿಗೆ ನಿನ್ನೆ ಹೇಳಿದೆ. ಅವರು ಎದ್ದು ಹೋಗಿ ಹಿತ್ತಲಿನಲ್ಲಿ ನಿಂತರು. ಸ್ವಲ್ಪ ಹೊತ್ತಿಗೆ ಒಳಗೆ ಬಂದು, "ಆ ಹುಡುಗಿಗೆ ಮೊದ್ಲು ಬರಿ" ಅಂದರು. ಕನ್ನಡದಲ್ಲಿಯೇ ಅಂದರು.

ಕ್ಷಮಿಸು ಎಂದು ಕೇಳುವುದಿಲ್ಲ. ಬಾ ಎಂದೂ ಕರೆಯುವುದಿಲ್ಲ. ಆ ಈಮೇಲ್ ಮಾತ್ರ ಕಳಿಸಬೇಡ.

ಮಲಿಕಾ


ಇಟಾಸ್ಕಾ
ಸೆಪ್ಟೆಂಬರ್ 14, 2025

ಮಾಮ್,

ಇದು ನಾನೇ ಬರೆದದ್ದು. ಆಂಟಿ ನೋಡಿಲ್ಲ. ತಪ್ಪು ಇದ್ದರೆ ಇರಲಿ. ಒಂದು ಪುಟಕ್ಕೆ ನಾಲ್ಕು ದಿನ ಆಯಿತು.

ನಿನ್ನ ಪತ್ರ ಆಂಟಿ ಪೂರ್ತಿ ಓದಿದರು. ಓದುವಾಗ ಅವರು ಅತ್ತರು. ನಾನು ಅಳಲಿಲ್ಲ.

ಈಮೇಲ್ ಕಳಿಸಲಿಲ್ಲ. ಜನವರಿಯಲ್ಲಿ ಕಾಲೇಜಿಗೆ ಹೋಗುತ್ತೇನೆ.

ಆಯಿ ನನಗೆ ಹೇಳುವ ಮೊದಲು ನಿನಗೆ ಹೇಳಿದ್ದರು. ನಿನಗೆ ಗೊತ್ತಿತ್ತು. ಎಂಟು ತಿಂಗಳು ನಾನು ಕನ್ನಡಿ ನೋಡಲಿಲ್ಲ. ನಿನಗೆ ಗೊತ್ತಿತ್ತು. ಇದಕ್ಕೆ ಕನ್ನಡದಲ್ಲಿ ಏನು ಹೇಳಬೇಕು ನನಗೆ ಬರುವುದಿಲ್ಲ. ಆಂಟಿಯನ್ನು ಕೇಳಿದೆ. ಅವರು ಒಳ್ಳೆಯ ಮಾತು ಮಾತ್ರ ಕಲಿಸುತ್ತಾರೆ. ನನಗೆ ಈಗ ಒಳ್ಳೆಯ ಮಾತು ಬೇಡ.

ಈ ತಿಂಗಳು ಇಪ್ಪತ್ತೇಳು ಶನಿವಾರ. ನಾನು ಡ್ರೈವ್ ಮಾಡಿ ಬರುತ್ತೇನೆ. ಹನ್ನೆರಡು ಗಂಟೆಗೆ ಬರುತ್ತೇನೆ. ನೀನು ಕನ್ನಡ ಮಾತಾಡಬೇಡ. ನಾನು ಇಂಗ್ಲಿಷಿನಲ್ಲಿ ಹೇಳುತ್ತೇನೆ. ಅದು ಯಾರದೂ ಅಲ್ಲ ಎಂದು ನೀವು ತಂದಿರಿ. ಅದು ನನ್ನದು. ನನಗೆ ಸಿಟ್ಟು ಬರುವುದು ಅದರಲ್ಲಿ.

ನಾನು ತುಂಬ ಜೋರಾಗಿ ಮಾತಾಡುತ್ತೇನೆ. ನೀನು ಎದ್ದು ಹೋಗಬೇಡ.

ಅನಮ್